ಗೇಮ್ ಆಡುವ ಅಪ್ಪ ಅಮ್ಮನ ಹತ್ತಿರ ಬೆಳೆದವರು ಸ್ವಲ್ಪ ಹೇಳಿ

ನಮ್ಮ ಯಜಮಾನರಿಗೆ ವಿಡಿಯೋ ಗೇಮ್ ಹುಚ್ಚು. ಆರು ವರ್ಷದ ಮಗ ಹೋಗಿ ಅಪ್ಪನ ಪಕ್ಕ ಕೂತುಬಿಡುತ್ತಾನೆ. ಮಗು ಹಾಳಾಗುತ್ತೆ ಅಂತ ಅತ್ತೆಗೆ ಚಿಂತೆ. ಇಂಥ ಮನೆಯಲ್ಲಿ ಬೆಳೆದವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ.

— ನಾನು ಅಂಥ ಅಪ್ಪನ ಮಗಳೇ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ ಗೇಮ್ ಬರುತ್ತಿತ್ತಲ್ಲ, ಅದು ನಮ್ಮ ಮನೆಯಲ್ಲಿತ್ತು. ಇಬ್ಬರು ಸೇರಿ ಗುಂಡು ಹಾರಿಸುತ್ತಾ ಮುಂದೆ ಹೋಗುವ ಕಾಂಟ್ರಾ ಅನ್ನೋ ಗೇಮ್ ಆಡಿದವರಿಗೆ ಗೊತ್ತಿರುತ್ತದೆ, ಮೂರನೇ ಲೆವೆಲ್‌ನಲ್ಲಿ ಜಲಪಾತ ಹತ್ತಬೇಕು, ಒಬ್ಬರು ಅವಸರದಲ್ಲಿ ಮೇಲೆ ಹೋದರೆ ಪರದೆಯೂ ಅವರ ಜೊತೆಗೇ ಮೇಲೆ ಹೋಗುತ್ತದೆ, ಕೆಳಗೆ ಉಳಿದವರ ಕಥೆ ಅಲ್ಲಿಗೆ ಮುಗಿಯಿತು. ಅಪ್ಪ ಅಲ್ಲಿ ನಿಂತು ನನಗಾಗಿ ಕಾಯುತ್ತಿದ್ದರು. "ನಿಧಾನ ಪುಟ್ಟಿ, ಈಗ ಹಾರು" ಅನ್ನುತ್ತಿದ್ದರು. ಜಾಸ್ತಿ ಮಾತಾಡುವ ಮನುಷ್ಯ ಅಲ್ಲ ಅವರು. ಆದರೆ ಆಡುವ ಹೊತ್ತಿನಲ್ಲಿ ಸ್ಕೂಲು, ಗೆಳತಿಯರ ಜಗಳ, ಲೆಕ್ಕದ ಪರೀಕ್ಷೆ ಎಲ್ಲಾ ಕೇಳುತ್ತಿದ್ದರು. ಮಗ ಪಕ್ಕದಲ್ಲಿ ಕೂರುತ್ತಾನೆ ಅಂತ ಓದಿ ನನಗೆ ಖುಷಿಯೇ ಆಯಿತು. ಅವನ ಕೈಗೂ ಒಂದು ಕಂಟ್ರೋಲರ್ ಕೊಡಿಸಿ.

— ನನ್ನದು ಬೇರೆ. ಅಪ್ಪ ಹೆಡ್‌ಫೋನ್ ಹಾಕಿಕೊಂಡರೆ ಎಷ್ಟು ಕರೆದರೂ ಕೇಳುತ್ತಿರಲಿಲ್ಲ. ಸ್ಕೂಲಲ್ಲಿ ಪ್ರೈಜ್ ಬಂದ ದಿನವೂ "ಇರು, ಇದೊಂದು ಮ್ಯಾಚ್" ಅಂದರು. ಆಮೇಲೆ ನಾನು ಹೇಳುವುದನ್ನೇ ಬಿಟ್ಟೆ. ಈಗಲೂ ಆ ನೋವಿದೆ. ಎಷ್ಟು ಗಂಟೆ ಆಡುತ್ತಾರೆ ಅನ್ನೋದು ಹಾಗಿರಲಿ ಅಕ್ಕಾ, ಮಗು ಕರೆದಾಗ ತಿರುಗಿ ನೋಡುತ್ತಾರಾ ಅಂತ ಗಮನಿಸಿ.

— ನಾನೇ ಗೇಮ್ ಆಡುವ ಅಮ್ಮ. ಆ "ಇದೊಂದು ಮ್ಯಾಚ್" ಯಾಕೆ ಬರುತ್ತದೆ ಅಂತ ಹೇಳುತ್ತೇನೆ. ಏಜ್ ಆಫ್ ಎಂಪೈರ್ಸ್ ಥರದ, ರಾಜ್ಯ ಕಟ್ಟಿ ಯುದ್ಧ ಮಾಡುವ ಆಟವನ್ನು ಒಬ್ಬರೇ ಆಡುತ್ತಿದ್ದರೆ ಯಾವಾಗ ಬೇಕಾದರೂ ಸೇವ್ ಮಾಡಿ ಏಳಬಹುದು. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಮೊಬೈಲ್‌ನಲ್ಲಿ ಆಡುವ ಗುಂಡಿನ ಕಾಳಗ) ಥರದ ಆನ್‌ಲೈನ್ ಆಟವನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ, ದೊಡ್ಡ ಮ್ಯಾಪ್ (ಆಟ ನಡೆಯುವ ಜಾಗ) ಆದರೆ ಕೊನೆವರೆಗೆ ಅರ್ಧ ಗಂಟೆ ಹಿಡಿಯುತ್ತದೆ, ಎದ್ದು ಹೋದರೆ ತಂಡದವರಿಗೆ ಕೈಕೊಟ್ಟ ಹಾಗೆ. ಅದಕ್ಕೇ ನಮ್ಮ ಮನೆಯಲ್ಲಿ ಅಂಥ ಆಟ ಮಕ್ಕಳು ಮಲಗಿದ ಮೇಲೆ ಮಾತ್ರ. ಸುಮ್ನೆ "ಆಡಬೇಡಿ" ಅಂದರೆ ಜಗಳ ಆಗುತ್ತೆ ಅಷ್ಟೆ, ಯಾವ ಆಟ ಯಾವ ಹೊತ್ತಿಗೆ ಅಂತ ಕೂತು ಮಾತಾಡಿ. ಇನ್ನೊಂದು, ಪಕ್ಕದಲ್ಲಿರುವ ಮಗು ಆಡದಿದ್ದರೂ ಎಲ್ಲಾ ನೋಡುತ್ತಿರುತ್ತದೆ, ಅಲ್ವಾ? ಹೊಡೆದಾಟ, ದರೋಡೆ ತುಂಬಿದ ಜಿಟಿಎ 5 ಅನ್ನೋ ಗೇಮ್ ದೊಡ್ಡವರಿಗೆ ಅಂತಲೇ ಮಾಡಿದ್ದು, ಯೂರೋಪಿನಲ್ಲಿ ಅದಕ್ಕೆ 18ರ ರೇಟಿಂಗ್, ಅಂದರೆ 18 ತುಂಬಿದವರಿಗೆ ಮಾತ್ರ ಅಂತ, ಇದೆ. ಅಂಥದ್ದನ್ನು ಆರು ವರ್ಷದವನ ಎದುರು ಹಾಕಲೇಬಾರದು. ನಿಮ್ಮ ಯಜಮಾನರು ಏನು ಆಡುತ್ತಾರೆ ಅಂತ ತಿಳಿಸಿ, ಅಪ್ಪ ಮಗ ಸೇರಿ ಆಡುವಂಥದ್ದು ಯಾವುದಿದೆ ನೋಡೋಣ.