ಪಿಕಪ್ ಬ್ರೇಕ್ ಪೆಡಲ್ ತಾನಾಗೇ ಇಳಿಯುತ್ತಿದೆ, ಓಡಿಸಬಹುದಾ?

ಪ್ರಶ್ನೆ: ನನ್ನದು 2009ರ ಪಿಕಪ್. ಹಾವೇರಿಯಿಂದ ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಹೊಡೆಯುತ್ತೇನೆ. ಬ್ರೇಕ್ ಒತ್ತಿ ಹಿಡಿದರೆ ಪೆಡಲ್ ನಿಧಾನಕ್ಕೆ ಇಳಿದು ಮ್ಯಾಟ್‌ಗೆ ತಾಗುತ್ತದೆ, ಎರಡು ಸಲ ಪಂಪ್ ಮಾಡಿದರೆ ಮತ್ತೆ ಗಟ್ಟಿ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಲೆವೆಲ್ ಸರಿ ಇದೆ. ಮೆಕ್ಯಾನಿಕ್ ಏನೂ ಆಗಲ್ಲ ಅಂತಾನೆ. ಸೀಸನ್ ಮುಗಿಯೋವರೆಗೆ ತಳ್ಳಬಹುದಾ?

ಉತ್ತರ 1: ಬೇಡ ಅಣ್ಣಾ. ಲೆವೆಲ್ ಇಳಿಯದೆ ಪೆಡಲ್ ಮಾತ್ರ ಇಳಿದರೆ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಒಳಗಿನ ರಬ್ಬರ್ ಸವೆದಿರುತ್ತದೆ. ಆಯಿಲ್ ಹೊರಗೆ ಸೋರಲ್ಲ, ಒಳಗೇ ಹಿಂದಕ್ಕೆ ಸರಿಯುತ್ತದೆ. ಸಿಲಿಂಡರ್‌ನಲ್ಲಿ ಗೀರು ಬಿದ್ದಿದ್ದರೆ ಬರೀ ಹೊಸ ರಬ್ಬರ್ ಕಿಟ್ ಹಾಕಿಸಿ ಪ್ರಯೋಜನವಿಲ್ಲ, ಪೂರ್ತಿ ಬದಲಿಸಿ.

ಉತ್ತರ 2: ಹಿಂದಿನ ಚಕ್ರದ ಒಳಬದಿ ಆಯಿಲ್ ಸೋರಿ ಒದ್ದೆ ಇದೆಯಾ ಅಂತಲೂ ನೋಡಿ. ಆಯಿಲ್ ಹಳೇದಾದರೆ ನೀರು ಹೀರುತ್ತದೆ, ಲೋಡ್‌ನಲ್ಲಿ ಕಾದಾಗ ಬ್ರೇಕ್ ಹಿಡಿಯಲ್ಲ. ಗದಗದಲ್ಲಿ ನಮ್ಮ ಗಾಡಿದು ಬಿಚ್ಚಿದಾಗ ಆಯಿಲ್ ಚಹಾದ ಬಣ್ಣ ಇತ್ತು!

ಪ್ರಶ್ನೆ ಕೇಳಿದವರು: ಚಕ್ರ ಒಣಗಿದೆ. ಗಾಡಿ ನಿಲ್ಲಿಸಿದ್ದೇನೆ, ನಾಳೆ ಹುಬ್ಬಳ್ಳಿಯಿಂದ ಸಿಲಿಂಡರ್ ತರುತ್ತೇನೆ, ಬಸ್ಸಲ್ಲಿ.