ಪದಚರ್ಚೆ: ಆನೆ ‘ಗಣತಿ’ಯೋ, ‘ಎಣಿಕೆ’ಯೋ, ‘ಅಂದಾಜೋ’? ಜೊತೆಗೆ ಹುಲಿಯ ಹಿಕ್ಕೆಯ ಬಗ್ಗೆ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಕಾಡಿನ ಸಮೀಕ್ಷೆಗೆ ಬರುವ ಸ್ವಯಂಸೇವಕರಿಗೆ ಕೊಡಲು ನಾವು ಕೆಲವರು ಸೇರಿ ಒಂದು ಸಣ್ಣ ಕನ್ನಡ ಕೈಪಿಡಿ ಬರೆಯುತ್ತಿದ್ದೇವೆ. ಬರುವವರಲ್ಲಿ ಕಾಲೇಜು ಹುಡುಗರು, ಶಾಲೆ ಮೇಷ್ಟ್ರುಗಳು, ಕಾಡಂಚಿನ ಊರುಗಳ ರೈತರು ಎಲ್ಲ ಇರುತ್ತಾರೆ. ಅವರ ಜೊತೆ ನಡೆಯುವ ಗಾರ್ಡು, ವಾಚರುಗಳು ದಿನವಿಡೀ ಮಾತಾಡುವುದು ಕನ್ನಡದಲ್ಲೇ. ತುಂಬಬೇಕಾದ ಫಾರಂ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಹಾಗಾಗಿ ಕಾಡಿನಲ್ಲಿ ಕಂಡದ್ದು ಒಂದು, ಬಾಯಲ್ಲಿ ಹೇಳಿದ್ದು ಒಂದು, ಫಾರಂನಲ್ಲಿ ಬರೆದದ್ದು ಇನ್ನೊಂದು ಆಗುವ ಅಪಾಯ ಇದ್ದೇ ಇದೆ. ಅದಕ್ಕೇ ಈ ಕೈಪಿಡಿ. ಬರೆಯುತ್ತಾ ಹೋದಂತೆ ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇವೆ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಮೊದಲನೆಯದು ‘ಗಣತಿ’. ಪತ್ರಿಕೆಗಳಲ್ಲಿ ಎಲ್ಲ ಕಡೆ ಇದೇ ಪದ. ಹುಲಿ ಗಣತಿ, ಆನೆ ಗಣತಿ, ಹಕ್ಕಿ ಗಣತಿ, ಚಿಟ್ಟೆ ಗಣತಿ. ಕೇಳಲು ಚೆನ್ನಾಗಿದೆ, ಚಿಕ್ಕದಾಗಿದೆ, ತಲೆಬರಹಕ್ಕೆ ಹಿಡಿಸುತ್ತದೆ. ಆದರೆ ನನ್ನ ತಕರಾರು ಏನಂದರೆ, ಕನ್ನಡಿಗರ ಕಿವಿಗೆ ಗಣತಿ ಅಂದ ತಕ್ಷಣ ನೆನಪಾಗುವುದು ಜನಗಣತಿ. ಮೇಷ್ಟ್ರು ಮನೆ ಮನೆಗೆ ಬಂದು, ಮನೆಯಲ್ಲಿ ಎಷ್ಟು ಜನ ಅಂತ ಕೇಳಿ, ಒಬ್ಬೊಬ್ಬರನ್ನೂ ಬರೆದುಕೊಂಡು ಹೋಗುವ ಕೆಲಸ. ಒಬ್ಬರೂ ಬಿಟ್ಟು ಹೋಗಬಾರದು ಅನ್ನುವುದೇ ಅದರ ಗುರಿ. ಆನೆಗಳನ್ನು ಹಾಗೆ ಯಾರೂ ಎಣಿಸುವುದಿಲ್ಲ, ಎಣಿಸಲು ಸಾಧ್ಯವೂ ಇಲ್ಲ.

2023ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದನ್ನೇ ತಗೊಳ್ಳಿ. ಮೂರು ದಿನ, ಮೂರು ಬಗೆಯ ಕೆಲಸ. ಮೊದಲ ದಿನ, ಮೊದಲೇ ಆರಿಸಿಟ್ಟ ಬ್ಲಾಕ್‌ಗಳೊಳಗೆ ನಡೆದು ಕಣ್ಣಿಗೆ ಕಂಡ ಆನೆಗಳನ್ನು ಬರೆದುಕೊಳ್ಳುವುದು. ಎರಡನೇ ದಿನ, ನೇರವಾಗಿ ಎಳೆದ ಗೆರೆಯ ಮೇಲೆ ನಡೆಯುತ್ತಾ ಎರಡೂ ಕಡೆ ಕಾಣುವ ಲದ್ದಿಯನ್ನು ಎಣಿಸುವುದು, ಗೆರೆಯಿಂದ ಅದು ಎಷ್ಟು ದೂರ ಇದೆ ಅಂತ ಟೇಪು ಹಿಡಿದು ಅಳೆಯುವುದು. ಮೂರನೇ ದಿನ, ನೀರಿನ ಹತ್ತಿರ ಕಾದು ಕೂತು, ಬಂದ ಹಿಂಡಿನಲ್ಲಿ ಸಲಗ ಎಷ್ಟು, ಹೆಣ್ಣಾನೆ ಎಷ್ಟು, ಮಖ್ನಾ (ದಂತವಿಲ್ಲದ ಗಂಡಾನೆ) ಇದೆಯಾ, ಮರಿಗಳೆಷ್ಟು ಅಂತ ನೋಡುವುದು. ಇದರಲ್ಲಿ ಲದ್ದಿಯ ಲೆಕ್ಕ ನನಗೆ ತುಂಬ ಇಷ್ಟ. ಒಂದು ಆನೆ ದಿನಕ್ಕೆ ಸುಮಾರು 15–16 ಸಲ ಲದ್ದಿ ಹಾಕುತ್ತದೆ. ಹಾಕಿದ ಲದ್ದಿ ಕರಗಿ ಮಣ್ಣಾಗಲು ಎಷ್ಟು ದಿನ ಬೇಕು ಅನ್ನುವುದನ್ನೂ ಅಳೆದಿರುತ್ತಾರೆ. ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಲದ್ದಿ ಇದೆ ಅಂತ ಗೊತ್ತಾದರೆ, ಅಲ್ಲಿಂದ ಆನೆಗಳ ಸಂಖ್ಯೆಗೆ ಬರಬಹುದು. ಆನೆಯನ್ನೇ ನೋಡದೆ ಆನೆಯ ಲೆಕ್ಕ!

ಕೊನೆಗೆ ಬಂದ ಸಂಖ್ಯೆ 6,395. ಅದರ ಹಿಂದಿನದು, ಅಂದರೆ 2017ರದ್ದು, 6,049. ಮರುದಿನ ಪತ್ರಿಕೆಯಲ್ಲಿ ಏನು ಬಂತು ಅಂತ ಊಹಿಸಿ. 346 ಆನೆ ಜಾಸ್ತಿಯಾಗಿದೆ ಅಂತ. ಆದರೆ 6,395 ಅನ್ನುವುದು ನಡುವಿನ ಸಂಖ್ಯೆ. ವರದಿಯಲ್ಲಿ ಅದರ ಜೊತೆಗೇ ಇನ್ನೆರಡು ಸಂಖ್ಯೆ ಇತ್ತು, ಕಡಿಮೆ ಅಂದರೆ 5,914, ಜಾಸ್ತಿ ಅಂದರೆ 6,877. ಹಿಂದಿನ ಸಲದ 6,049 ಈ ಎರಡರ ಒಳಗೇ ಬರುತ್ತದೆ, ಅಲ್ವಾ? ಹಾಗಿರುವಾಗ 346 ಹೆಚ್ಚಾಯಿತು ಅಂತ ಒಂದೊಂದು ಆನೆಯ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ. ‘ಗಣತಿ’ ಅಂತ ಬರೆದ ಮೇಲೆ ಈ ಮಾತನ್ನು ಓದುಗರಿಗೆ ತಿಳಿಸುವುದು ಕಷ್ಟ. ಗಣತಿಯಲ್ಲಿ ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು ಅನ್ನುವುದು ಎಲ್ಲಿರುತ್ತದೆ?

ಹುಲಿಯ ವಿಷಯದಲ್ಲಿ ಇದು ಇನ್ನೂ ಗೋಜಲಾಯಿತು. 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಪ್ರಧಾನಿಯವರು ದೇಶದಲ್ಲಿ ಕನಿಷ್ಠ 3,167 ಹುಲಿಗಳಿವೆ ಅಂತ ಪ್ರಕಟಿಸಿದರು. ಜುಲೈ ಕೊನೆಗೆ ಬಂದ ವರದಿಯಲ್ಲಿ 3,682 ಇತ್ತು. ನಮ್ಮೂರಿನ ಹೋಟೆಲಿನಲ್ಲಿ ಇದರ ಬಗ್ಗೆ ಜೋರು ಚರ್ಚೆಯೇ ಆಯಿತು, ಮೂರು ತಿಂಗಳಲ್ಲಿ ಐನೂರು ಹುಲಿ ಎಲ್ಲಿಂದ ಬಂದವು ಅಂತ. ಕೇಳಿದವರ ತಪ್ಪೇನೂ ಇಲ್ಲ. ಮೊದಲನೆಯದು ಕನಿಷ್ಠ ಸಂಖ್ಯೆ, ಎರಡನೆಯದು ಕ್ಯಾಮೆರಾ ಇಲ್ಲದ ಜಾಗಗಳನ್ನೂ ಸೇರಿಸಿ ಲೆಕ್ಕ ಹಾಕಿದ ಸರಾಸರಿ. ಎರಡೂ ‘ಹುಲಿ ಗಣತಿ’ ಅನ್ನುವ ಒಂದೇ ಹೆಸರಿನಲ್ಲಿ ಮನೆಗೆ ಬಂದರೆ ಓದುವವರು ಇನ್ನೇನು ತಿಳಿಯಬೇಕು?

ಇನ್ನೂ ಹಿಂದಕ್ಕೆ ಹೋದರೆ ಈ ಪದದ ತೊಂದರೆ ಚೆನ್ನಾಗಿ ಕಾಣುತ್ತದೆ. ಹಳೆಯ ಕಾಲದಲ್ಲಿ ಹುಲಿಯ ಹೆಜ್ಜೆ ಗುರುತಿನ ಮೇಲೆ ಗಾಜು ಇಟ್ಟು ನಕಲು ತೆಗೆದು, ಪ್ಲಾಸ್ಟರಿನ ಅಚ್ಚು ಹೊಯ್ದು, ಒಂದೊಂದು ಹೆಜ್ಜೆಯಿಂದ ಒಂದೊಂದು ಹುಲಿಯನ್ನು ಗುರುತಿಸುತ್ತೇವೆ ಅನ್ನುತ್ತಿದ್ದರು. ಅದು ನಿಜಕ್ಕೂ ಗಣತಿಯ ಆಸೆಯೇ, ಎಲ್ಲ ಹುಲಿಗಳನ್ನೂ ಎಣಿಸಿಬಿಡುತ್ತೇವೆ ಅನ್ನುವ ಆಸೆ. 2002ರಲ್ಲಿ ಹಾಗೆ ಬಂದ ಸಂಖ್ಯೆ 3,642. 2005ರ ಹೊತ್ತಿಗೆ ರಾಜಸ್ಥಾನದ ಸಾರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಅಂತ ಗೊತ್ತಾಯಿತು, ಪುಸ್ತಕದ ಲೆಕ್ಕದಲ್ಲಿ ಮಾತ್ರ ಅಲ್ಲಿ ಹುಲಿಗಳಿದ್ದವು. ಆ ಮೇಲೆ ವಿಧಾನವೇ ಬದಲಾಯಿತು. 2006ರ ಹೊಸ ವಿಧಾನದಲ್ಲಿ ದೇಶಕ್ಕೆಲ್ಲ 1,411 ಬಂತು. ಕ್ಯಾಮೆರಾ ಇಟ್ಟು ಮೈಮೇಲಿನ ಪಟ್ಟೆಗಳಿಂದ ಹುಲಿಯನ್ನು ಗುರುತಿಸಿ ಲೆಕ್ಕ ಹಾಕುವ ಕೆಲಸವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದ ಮೊದಲಿಗೇ ಶುರು ಮಾಡಿದ್ದರು ಅನ್ನುವುದು ನಮಗೆ ಹೆಮ್ಮೆಯ ವಿಷಯ. ಹಳೆಯದಕ್ಕೂ ಗಣತಿ, ಹೊಸದಕ್ಕೂ ಗಣತಿ ಅಂದರೆ 3,642ನ್ನೂ 1,411ನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ಹಾಗಾಗುತ್ತದೆ.

ಅದಕ್ಕೆ ನನ್ನ ಸೂಚನೆ ‘ಅಂದಾಜು’. ಆನೆ ಅಂದಾಜು, ಹುಲಿ ಅಂದಾಜು. ಇಲಾಖೆಯ ಇಂಗ್ಲಿಷ್ ಕಾಗದಗಳಲ್ಲೂ ಈಗ ಇದೇ ಅರ್ಥದ ಪದ ಇದೆ. ಆದರೆ ನಮ್ಮ ಗುಂಪಿನಲ್ಲೇ ಇದಕ್ಕೆ ವಿರೋಧ ಬಂತು. ಅಂದಾಜು ಅಂದರೆ ಸುಮ್ನೆ ಬಾಯಿಗೆ ಬಂದದ್ದು ಹೇಳುವುದು ಅಂತ ಜನ ತಿಳಿಯುತ್ತಾರೆ, ಅಷ್ಟು ಕಷ್ಟಪಟ್ಟು ಕಾಡು ಸುತ್ತಿದವರಿಗೆ ಅವಮಾನ ಆಗುತ್ತದೆ ಅಂತ ಒಬ್ಬರು ಹೇಳಿದರು. ‘ಅಂದಾಜಿನ ಮೇಲೆ ಹೇಳಿದೆ ಕಣಪ್ಪ’ ಅನ್ನುವಾಗ ಆ ಅರ್ಥ ಇದೆ, ನಿಜ. ಆದರೆ ಕಟ್ಟಡದ ಕೆಲಸಕ್ಕೆ ‘ಅಂದಾಜು ಪಟ್ಟಿ’ ಅನ್ನುವಾಗ ಅದು ಬಾಯಿಮಾತಲ್ಲ, ಅಳೆದು ಸುರಿದು ಮಾಡಿದ ಲೆಕ್ಕ. ರೈತರಿಗೆ ವಿವರಿಸುವಾಗ ನಾನು ಬೆಳೆ ಕಟಾವು ಪ್ರಯೋಗದ ಮಾತು ಎತ್ತುತ್ತೇನೆ. ವಿಮೆಗಾಗಿ ಊರಿನ ಎಲ್ಲ ರಾಗಿಯನ್ನೂ ಕೊಯ್ದು ಯಾರೂ ತೂಗುವುದಿಲ್ಲ. ಕೆಲವು ಹೊಲ ಆರಿಸಿ, ಅಲ್ಲಿ ಅಳತೆ ಮಾಡಿದ ಒಂದು ತುಂಡಿನಲ್ಲಿ ಮಾತ್ರ ಕೊಯ್ದು, ಒಕ್ಕಿ, ತೂಗಿ, ಇಡೀ ಪಂಚಾಯಿತಿಯ ಇಳುವರಿಗೆ ಬರುತ್ತಾರೆ. ಆನೆ ಲೆಕ್ಕವೂ ಇದೇ ಜಾತಿಯದು ಅಂದರೆ ತಕ್ಷಣ ಅರ್ಥವಾಗುತ್ತದೆ. ಆಮೇಲೆ ಅವರು ಕೇಳುವ ಪ್ರಶ್ನೆಯೂ ಸರಿಯಾದದ್ದೇ: ತುಂಡನ್ನು ಆರಿಸಿದವರು ಯಾರು, ಹೇಗೆ ಆರಿಸಿದರು?

ಹಾಗಂತ ಎಲ್ಲದಕ್ಕೂ ಅಂದಾಜು ಅನ್ನಬೇಕು ಅಂತ ನನ್ನ ವಾದ ಅಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಮರಗಳ ಮೇಲೆ, ಮನೆ ಹಿತ್ತಲಿನ ಹುಣಸೆ ಮರದ ಮೇಲೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಮೀನು ತಿನ್ನಿಸಿ ಸಾಕಿ ಬಿಡುತ್ತಾರೆ. ಅಲ್ಲಿ ಯಾವ ಮರದಲ್ಲಿ ಎಷ್ಟು ಗೂಡು ಅಂತ ತಲೆ ಎತ್ತಿ ಒಂದೊಂದಾಗಿ ಲೆಕ್ಕ ಮಾಡಬಹುದು. ಅದು ‘ಎಣಿಕೆ’. ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲೆಲ್ಲ ನಡೆಯುವ, 1987ರಲ್ಲಿ ಶುರುವಾದ, ನೀರುಹಕ್ಕಿಗಳ ಲೆಕ್ಕಕ್ಕೂ ಎಣಿಕೆ ಅನ್ನುವುದೇ ಸರಿ ಅಂತ ನನಗೆ ಕಾಣುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊತ್ತು ಏರಿದ ಮೇಲೆ ನೀರಿನಲ್ಲೇ ಗುಂಪಾಗಿ ಕೂತಿರುತ್ತವೆ. ದಂಡೆಯಲ್ಲಿ ನಿಂತು ಹತ್ತು ಹಕ್ಕಿ ಎಣಿಸಿ, ಆ ಹತ್ತರ ಗುಂಪು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಲ್ಲಿ ಇಟ್ಟುಕೊಂಡು, ಹತ್ತು ಹತ್ತಾಗಿ ಮುಂದೆ ಹೋಗುವುದು. ಗುಂಪು ತೀರ ದೊಡ್ಡದಾದರೆ ಇದರಲ್ಲೂ ಸ್ವಲ್ಪ ಅಂದಾಜು ಸೇರುತ್ತದೆ, ಆದರೂ ಕಣ್ಣ ಮುಂದೆ ಇರುವುದನ್ನೇ ಎಣಿಸುತ್ತಿದ್ದೇವೆ.

ಚಿಟ್ಟೆ, ಹಕ್ಕಿ ಸಮೀಕ್ಷೆಗಳಲ್ಲಿ ಇನ್ನೊಂದು ಬಗೆ ಇದೆ. ಅಲ್ಲಿ ಎಷ್ಟು ಅನ್ನುವುದಕ್ಕಿಂತ ಯಾವ್ಯಾವುದು ಅನ್ನುವುದು ಮುಖ್ಯ. ಈ ಬೀಟಿನಲ್ಲಿ (ಒಬ್ಬ ಗಾರ್ಡು ನೋಡಿಕೊಳ್ಳುವ ಕಾಡಿನ ಭಾಗದಲ್ಲಿ) ಯಾವ ಯಾವ ಜಾತಿ ಕಂಡವು ಅಂತ ಬರೆಯುವುದು. ಅದಕ್ಕೂ ಪತ್ರಿಕೆಯಲ್ಲಿ ಗಣತಿಯೇ. ಅದನ್ನು ‘ಪಟ್ಟಿ ಮಾಡುವುದು’ ಅಂದರೆ ಸಾಕು ಅನ್ನಿಸುತ್ತದೆ. ಮೂರು ಬೇರೆ ಕೆಲಸಕ್ಕೆ ಮೂರು ಬೇರೆ ಪದ ನಮ್ಮ ಹತ್ತಿರ ಈಗಾಗಲೇ ಇರುವಾಗ ಎಲ್ಲವನ್ನೂ ಗಣತಿಯ ಚೀಲಕ್ಕೆ ತುಂಬುವುದು ಯಾಕೆ? ಇದರ ಬಗ್ಗೆ, ಮುಖ್ಯವಾಗಿ ಪತ್ರಿಕೆಯಲ್ಲಿ ಕೆಲಸ ಮಾಡುವವರು, ದಯವಿಟ್ಟು ಹೇಳಿ.

ಎರಡನೇ ಪ್ರಶ್ನೆ ಲದ್ದಿಯ ಕಡೆಯಿಂದ ಬಂದದ್ದು. ಕನ್ನಡದಲ್ಲಿ ಇದಕ್ಕೆ ಎಷ್ಟು ಚೆನ್ನಾಗಿ ಪದಗಳಿವೆ ನೋಡಿ. ಆನೆ, ಕುದುರೆ, ಕತ್ತೆ ಹಾಕುವುದು ಲದ್ದಿ. ದನ, ಎಮ್ಮೆಯದು ಸಗಣಿ, ಹಾಗಾಗಿ ಕಾಟಿಯದ್ದೂ (ಕಾಡುಕೋಣ) ಸಗಣಿ. ಕುರಿ, ಆಡು, ಜಿಂಕೆ, ಕಡವೆ, ಮೊಲದ್ದು ಹಿಕ್ಕೆ. ಕೆಲವು ಕಡೆ ಪಿಚಿಕೆ ಅನ್ನುತ್ತಾರೆ. ಇಂಗ್ಲಿಷ್ ಫಾರಂನಲ್ಲಿ ಇರುವುದಕ್ಕಿಂತ ನಮ್ಮ ವಾಚರುಗಳ ಬಾಯಲ್ಲಿ ವಿವರ ಜಾಸ್ತಿ ಇದೆ. ಹುಲ್ಲು ಮೇಯುವ ಪ್ರಾಣಿಗಳ ಮಟ್ಟಿಗೆ ನಮಗೆ ಯಾವ ತೊಂದರೆಯೂ ಆಗಲಿಲ್ಲ.

ತೊಡಕು ಬಂದದ್ದು ಹುಲಿ, ಚಿರತೆ, ಸೀಳುನಾಯಿಗಳ ವಿಷಯದಲ್ಲಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಅಂದಾಜಿನಲ್ಲಿ ಮೊದಲ ಕೆಲಸವೇ ಇವುಗಳ ಗುರುತು ಹುಡುಕುವುದು. ಒಂದೊಂದು ಬೀಟಿನಲ್ಲೂ ದಿನಕ್ಕೆ ಐದು ಕಿಲೋಮೀಟರಿನಂತೆ ಮೂರು ದಿನ ದಾರಿಯಲ್ಲಿ ನಡೆದು ಹೆಜ್ಜೆ, ಮರ ಪರಚಿದ ಗುರುತು, ನೆಲ ಕೆರೆದ ಗುರುತು, ಮತ್ತೆ ಅವುಗಳ... ಏನು ಅನ್ನಬೇಕು? ವಾಚರುಗಳು ತಮ್ಮ ತಮ್ಮಲ್ಲಿ ‘ಹುಲಿ ಹೇಲು’ ಅನ್ನುತ್ತಾರೆ. ಅಚ್ಚಕನ್ನಡದ ಪದ, ತಪ್ಪೇನಿಲ್ಲ. ಆದರೆ ಶಾಲೆಯ ಮಕ್ಕಳೂ ಓದುವ ಕೈಪಿಡಿಯಲ್ಲಿ ಅಚ್ಚು ಹಾಕಲು ನಮ್ಮಲ್ಲಿ ಕೆಲವರಿಗೆ ಮುಜುಗರ. ‘ಮಲ’ ಅಂದರೆ ಆಸ್ಪತ್ರೆಯ ಪರೀಕ್ಷೆ ನೆನಪಾಗುತ್ತದೆ. ಕಾಡಿನ ಬರಹಗಳಲ್ಲಿ ‘ಹುಲಿಯ ಹಿಕ್ಕೆ’ ಅಂತ ಬರೆಯುವವರಿದ್ದಾರೆ. ಓದಲು ಚೆನ್ನಾಗಿಯೇ ಇದೆ. ಆದರೆ ಹಿಕ್ಕೆ ಅಂದರೆ ರೈತರ ಕಣ್ಣಿಗೆ ಬರುವುದು ಗುಂಡು ಗುಂಡಾದ ಒಣ ಕಾಳು. ಅದೇ ಪದ ಹಿಡಿದು ಹುಡುಕುತ್ತಾ ಹೋದವರು ಕೂದಲು, ಮೂಳೆಯ ಚೂರು ತುಂಬಿದ, ಉದ್ದಕ್ಕೆ ಬಿದ್ದಿರುವ ಹುಲಿಯದ್ದನ್ನು ದಾಟಿ ಹೋಗಬಹುದು. ಆ ಕೂದಲಿನಿಂದಲೇ ಹುಲಿ ಏನು ತಿಂದಿದೆ, ಕಡವೆಯೋ ಜಿಂಕೆಯೋ ಅಂತ ಗೊತ್ತಾಗುವುದು. ಬಿಟ್ಟು ಹೋದರೆ ನಷ್ಟ ದೊಡ್ಡದು. ಬೇಟೆಯಾಡುವ ಪ್ರಾಣಿಗಳದ್ದಕ್ಕೇ ಅಂತ ಬೇರೆ ಪದ ನಿಮ್ಮ ಕಡೆ ಇದೆಯಾ? ಸೋಲಿಗರು, ಜೇನುಕುರುಬರು, ಕುಣಬಿಯವರ ಮಾತು ಬಲ್ಲವರು ಬಳಗದಲ್ಲಿ ಇದ್ದರೆ ಖಂಡಿತ ತಿಳಿಸಿ.

ಇದರ ಜೊತೆಗೇ ಪ್ರಾಣಿಗಳ ಹೆಸರಿನ ವಿಷಯ. ಕಾಟಿ, ಕಾಡೆಮ್ಮೆ, ಕಾಡುಕೋಣ ಮೂರೂ ಒಂದೇ ಪ್ರಾಣಿ, ಇದರಲ್ಲಿ ಗೊಂದಲ ಕಡಿಮೆ. ಆದರೆ ‘ಕಿರುಬ’ ಕಷ್ಟ. ಕೆಲವು ಕಡೆ ಕಿರುಬ ಅಂದರೆ ಚಿರತೆ, ಇನ್ನು ಕೆಲವು ಕಡೆ ಕತ್ತೆಕಿರುಬ. ಚಿರತೆಯನ್ನೂ ಹುಲಿ ಅಂತಲೇ ಕರೆಯುವ ಊರುಗಳೂ ಇವೆ, ಅಲ್ಲಿ ‘ಪಟ್ಟೆ ಇತ್ತಾ, ಚುಕ್ಕೆ ಇತ್ತಾ’ ಅಂತ ಕೇಳದೆ ಬರೆದುಕೊಳ್ಳಲೇಬಾರದು. ಕೈಪಿಡಿಯಲ್ಲಿ ಹೆಸರಿನ ಪಕ್ಕದಲ್ಲಿ ಚಿತ್ರ ಹಾಕುತ್ತಿದ್ದೇವೆ, ಆದರೂ ಯಾವ ತಾಲ್ಲೂಕಿನಲ್ಲಿ ಯಾವ ಅರ್ಥ ಅಂತ ಒಂದು ಪಟ್ಟಿ ಬೇಕು.

‘ವಾಟರ್ ಹೋಲ್’ಗೆ ಪತ್ರಿಕೆಗಳು ‘ನೀರಿನ ಗುಂಡಿ’ ಅನ್ನುತ್ತವೆ. ಗುಂಡಿ ಯಾಕೆ? ಬಂಡೀಪುರದ ಕಡೆ ಅದು ಕೆರೆ ಅಥವಾ ಕಟ್ಟೆ, ನಾಗರಹೊಳೆಯಲ್ಲಿ ಜೌಗು ಹುಲ್ಲುಗಾವಲಿಗೆ ಹಡ್ಲು ಅನ್ನುವ ಹೆಸರೂ ಇದೆ. ಆಯಾ ಕಾಡಿನ ಹೆಸರನ್ನೇ ಇಡುತ್ತೇವೆ, ಇದು ತೀರ್ಮಾನ ಆಗಿದೆ.

ಕೊನೆಯದು ‘ಟ್ರಾನ್ಸೆಕ್ಟ್’, ಅಂದರೆ ಮೇಲೆ ಲದ್ದಿ ಎಣಿಸುವಾಗ ಹೇಳಿದ ಆ ನೇರ ಗೆರೆ. ಸಿಬ್ಬಂದಿ ಎಲ್ಲರೂ ‘ಲೈನ್’ ಅನ್ನುತ್ತಾರೆ. ‘ಲೈನ್ ನಡೆದು ಬಂದ್ವಿ’, ‘ಲೈನ್ ಕ್ಲೀನ್ ಮಾಡಿಸಿದ್ವಿ’. ಒಬ್ಬರು ‘ಸೀಳುದಾರಿ’ ಅನ್ನೋಣ ಅಂದರು. ಪದ ಸೊಗಸಾಗಿದೆ, ನನಗೂ ಇಷ್ಟ. ಆದರೆ ದಾರಿ ಅಂದ ತಕ್ಷಣ ಕಾಲುದಾರಿಯಲ್ಲಿ ನಡೆದರೆ ಸಾಕು ಅಂತ ಹೊಸಬರು ತಿಳಿಯುತ್ತಾರೇನೋ ಅನ್ನುವ ಭಯ. ಇದು ದಾರಿಯನ್ನು ಬಿಟ್ಟು, ದಿಕ್ಸೂಚಿ ಹಿಡಿದು, ಕಾಡಿನ ನಡುವೆ ನೇರವಾಗಿ ಹಾಕಿದ ಗೆರೆ. ಹುಲಿ, ಚಿರತೆಗಳ ಗುರುತು ಹುಡುಕುವುದು ದಾರಿಯಲ್ಲಿ, ಜಿಂಕೆ ಎಣಿಸುವುದು ಈ ಗೆರೆಯಲ್ಲಿ. ಎರಡೂ ಕಲಸಿಹೋದರೆ ಲೆಕ್ಕವೇ ಕೆಡುತ್ತದೆ. ಸದ್ಯಕ್ಕೆ ‘ಲೈನ್’ ಅಂತಲೇ ಇಟ್ಟಿದ್ದೇನೆ.

ಉತ್ತರ ಬರೆಯುವವರು ನಿಮ್ಮ ಊರು, ತಾಲ್ಲೂಕಿನ ಹೆಸರನ್ನೂ ಸೇರಿಸಿ. ಪದ ಯಾರ ಬಾಯಲ್ಲಿ ಕೇಳಿದ್ದು, ಮನೆಯ ಹಿರಿಯರದ್ದೋ, ದನಗಾಹಿಗಳದ್ದೋ, ಇಲಾಖೆಯ ಸಿಬ್ಬಂದಿಯದ್ದೋ ಅಂತ ಬರೆದರೆ ಇನ್ನೂ ಉಪಯೋಗ. ಕಿರುಬ ಮತ್ತು ಹಿಕ್ಕೆ, ಇವೆರಡಕ್ಕೆ ಮೊದಲು ಬರೆಯಿರಿ. ಕೈಪಿಡಿಯಲ್ಲಿ ಆ ಎರಡು ಪುಟ ಇನ್ನೂ ಖಾಲಿ ಇವೆ.