ಫ್ಯಾಮಿಲಿ ಡಾಕ್ಟರೇ ಸಾಕಾ, ಮನೋವೈದ್ಯರ ಹತ್ತಿರ ಹೋಗಬೇಕಾ?

ತಿಪಟೂರಿನವಳು: ಅಮ್ಮನಿಗೆ 58. ನಾಲ್ಕು ತಿಂಗಳಿಂದ ನಿದ್ದೆ ಇಲ್ಲ, ಎದೆಯುರಿ, ಯಾರ ಜೊತೆಯೂ ಮಾತಿಲ್ಲ. 20 ವರ್ಷದಿಂದ ನೋಡುವ ಡಾಕ್ಟರು ಮೊದಲು ಗ್ಯಾಸ್ ಎಂದರು. ಈಗ ಟೆನ್ಷನ್ ಎಂದು ಒಂದು ಮಾತ್ರೆ ಬರೆದಿದ್ದಾರೆ. ಅನುಭವ ಇದ್ದವರು ಹೇಳಿ.

ಹಾಸನದ ಅಳಿಯ: ಗ್ಯಾಸ್! ನನಗೂ ಅದೇ ಹೇಳಿದ್ದರು. ಇಸಿಜಿ ಮೂರು ಸಲ, ಎಕೋ 1,800, ಎಂಡೋಸ್ಕೋಪಿ 2,500. ಬಿಲ್ಲುಗಳನ್ನು ಇನ್ನೂ ಇಟ್ಟಿದ್ದೇನೆ. ಎಲ್ಲ ನಾರ್ಮಲ್. ಕೊನೆಗೆ 'ನಿದ್ದೆಗೆ ಇರಲಿ' ಎಂದು ಆಲ್‌ಪ್ರಜೋಲಾಮ್ 0.25. ಎರಡು ವರ್ಷ ನುಂಗಿದೆ, 0.25 ಹೋಗಿ 0.5 ಆಯಿತು. ಒಂದು ದಿನ ಸಿಟ್ಟು ಬಂದು ನಾನೇ ನಿಲ್ಲಿಸಿದೆ. ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಕಾಫಿ ಲೋಟ ಹಿಡಿದರೆ ಕೈ ನಡುಕ. ಆಮೇಲೆ ನಿಮ್ಹಾನ್ಸ್. ಅಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸುವುದಕ್ಕೇ ಮೂರು ತಿಂಗಳು ಹಿಡಿಯಿತು.

ದಾವಣಗೆರೆ ಬೆಣ್ಣೆ: ಎಲ್ಲರೂ ಹಾಗಲ್ಲ. ಅಪ್ಪ ತೀರಿಕೊಂಡ ಮೇಲೆ ನಾನೂ ಹೀಗೇ ಆಗಿದ್ದೆ. ನಮ್ಮ ಡಾಕ್ಟರು ಮೊದಲು ಥೈರಾಯ್ಡ್, ಬಿ12 ಮಾಡಿಸಿದರು. ಆಮೇಲೆ ಅತ್ತೆಯನ್ನು ಹೊರಗೆ ಕೂರಿಸಿ ನನ್ನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆ, 5ರಿಂದ ಶುರು. 'ಮೊದಲ ವಾರ ವಾಕರಿಕೆ ಬರಬಹುದು, ಎರಡು ಮೂರು ವಾರ ಏನೂ ಗೊತ್ತಾಗಲ್ಲ, ಬಿಡಬೇಡ ತಾಯಿ' ಎಂದು ಮೊದಲೇ ಹೇಳಿದ್ದರು. ಫೀಸು 100 ರೂಪಾಯಿ. ಮನೋವೈದ್ಯರ ಬೋರ್ಡಿನ ಕೆಳಗೆ ಕೂತಿದ್ದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ಹಾಸನದ ಅಳಿಯ: ಅರ್ಧ ಗಂಟೆ? ನಮ್ಮವರು ಅಷ್ಟರಲ್ಲಿ ಹತ್ತು ಜನರನ್ನು ನೋಡಿ ಮುಗಿಸುತ್ತಾರೆ. ನಿಮಗೆ ಅದೃಷ್ಟ ಇತ್ತು, ಸರಿ. ಊರು ನೋಡುತ್ತದೆ ಅಂತ ಬೇರೆಯವರನ್ನು ಯಾಕೆ ಹೆದರಿಸುತ್ತೀರಿ ಮೇಡಂ?

ಪಿಎಚ್‌ಸಿ ಡ್ಯೂಟಿ: ನಾನೂ ಡಾಕ್ಟರೇ, ಬೈಸಿಕೊಂಡು ಸಾಕಾಗಿದೆ. ಎಂಬಿಬಿಎಸ್‌ನಲ್ಲಿ ನಮಗೆ ಸೈಕಿಯಾಟ್ರಿ ಸಿಕ್ಕಿದ್ದು ಕೆಲವೇ ವಾರ. ಜನ ಮೈಯುರಿ, ಸುಸ್ತು, ತಲೆಭಾರ ಅಂತ ಬರುತ್ತಾರೆ. ಮನಸ್ಸಿನದ್ದು ಅಂದರೆ 'ನನಗೇನು ಹುಚ್ಚಾ?' ಎಂದು ಎದ್ದು ಹೋಗಿ ಪಕ್ಕದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಳ್ಳುತ್ತಾರೆ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ನಮ್ಮಂಥವರೂ ಇದನ್ನು ನೋಡಬಹುದು ಅಂತ ತೋರಿಸಿದ್ದರು. ಇರಲಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ದಾವಣಗೆರೆ ಬೆಣ್ಣೆ: ಗ್ಲೂಕೋಸ್ ಹಾಕಿಸಿಕೊಳ್ಳುವವರು ನಾವು, ಸರಿ. ಹಾಕುವವರು ಯಾರು ಸಾರ್?

ಪಿಎಚ್‌ಸಿ ಡ್ಯೂಟಿ: ನಾನಂತೂ ಹಾಕಿಲ್ಲ.

ಹಾಸನದ ಅಳಿಯ: ಎಲ್ಲರೂ ಹೀಗೇ ಅನ್ನುತ್ತಾರೆ.

ತಿಪಟೂರಿನವಳು: ಅಮ್ಮನ ಚೀಟಿ ಈಗ ತೆಗೆದು ನೋಡಿದೆ. ಆಲ್‌ಪ್ರಜೋಲಾಮ್ 0.25.

ಹಾಸನದ ಅಳಿಯ: ಸುಮ್ನೆ ನೀವೇ ನಿಲ್ಲಿಸಿಬಿಡಬೇಡಿ ತಂಗಿ. ಎಷ್ಟು ದಿನದಿಂದ ಕೊಡುತ್ತಿದ್ದೀರಿ?